ಹನ್ನೊಂದು ನಿಮಿಷ ಹಳೆಯ ಚಿತ್ರ

ಭಾನುವಾರ ಬೆಳಗ್ಗೆ ಅಕ್ಕ ಫೋನ್ ಮಾಡಿ, "ಒಂದು ಕಾಗದ ಟೈಪ್ ಮಾಡ್ಕೊಡ್ಬೇಕಿತ್ತು ಕಣೋ, ನಿನ್ನ ಲ್ಯಾಪ್‌ಟಾಪ್ ತಗೊಂಡು ಬರ್ತೀಯಾ?" ಎಂದಾಗ ತಂತಿ ಬರುತ್ತೇನೆ ಎಂದಷ್ಟೇ ಹೇಳಿದ. ಯಾವ ಕಾಗದ ಎಂದು ಅವನು ಕೇಳಲಿಲ್ಲ. ಎಪ್ಪತ್ತೊಂದು ದಿನಗಳಿಂದ ಅವನು ಅಕ್ಕನನ್ನು ಏನಾದರೂ ಕೇಳುವುದನ್ನೇ ಬಿಟ್ಟಿದ್ದ. ಕೇಳಿದರೆ ಅವಳು ಉತ್ತರ ಕೊಡುತ್ತಾಳೆ, ಉತ್ತರದ ಬೆನ್ನಿಗೇ ಅವಳದೊಂದು ಪ್ರಶ್ನೆ ಬರುತ್ತದೆ, ಆಗ ತಾನು ಬಾಯಿ ಬಿಡಬೇಕಾಗುತ್ತದೆ.

ತಂತಿ ಎನ್ನುವುದು ನೀರು ಸರಬರಾಜು ಕಚೇರಿಯವರು ಅವನಿಗೆ ಇಟ್ಟ ಹೆಸರು. ಸದಾ ಹೆಗಲ ಮೇಲೆ ಒಂದು ಸುರುಳಿ ವೈರು ಹಾಕಿಕೊಂಡು ಕಂಡವರ ಮೇಜಿನ ಕೆಳಗೆ ನುಗ್ಗುವವನಿಗೆ ಇನ್ನೇನು ಹೆಸರಿಡುತ್ತಾರೆ? ಕಚೇರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನೊಬ್ಬನೇ. ಕೆಟ್ಟಾಗ ಎಲ್ಲರಿಗೂ ಅವನು ಬೇಕು. ಸರಿಯಿದ್ದಾಗ ಇವನಿಗೇನು ಕೆಲಸ ಎಂದು ಹುಬ್ಬೇರಿಸುವವರೇ ಎಲ್ಲ. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ತಲೆ ಬಾಚಿ, ಮೂಗು ಒರೆಸಿ, ಬೆನ್ನಿಗೆ ಗುದ್ದಿ ಓದಿಸಿದವಳು ಅವಳೇ. ಮದುವೆಯಾಗಿ ಹೋಗುವಾಗ ಅವನನ್ನೂ ಜೊತೆಗೆ ಕರೆದುಕೊಂಡು ಹೋದಳು. ಬಾವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. "ಒಂದು ತಗೊಂಡ್ರೆ ಇನ್ನೊಂದು ಫ್ರೀ ಅಂತ ಕೊಟ್ರು" ಎಂದು ಬಂದವರ ಮುಂದೆಲ್ಲ ನಗುತ್ತಿದ್ದರು.

ಆ ಬಾವ ಈಗ ಇಲ್ಲ. ಅವರ ಸಾವಿಗೆ ಅಕ್ಕನೇ ಕಾರಣ ಎಂದು ವಿಚಾರಣೆಯ ವರದಿ ಮರ್ಯಾದೆಯ ಮಾತುಗಳಲ್ಲಿ ಹೇಳಿತು. ಊರಿನವರು ಮರ್ಯಾದೆ ಬಿಟ್ಟು ಹೇಳಿದರು. ಅಕ್ಕನದು ತಪ್ಪಿಲ್ಲ ಎಂದು ಬಲ್ಲವನು ಭೂಮಿಯ ಮೇಲೆ ಒಬ್ಬನೇ ಒಬ್ಬ. ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಊರಿಗೆ ನೀರು ಬರುವುದು ಏಳು ಕಿಲೋಮೀಟರು ಆಚೆಯ ಜಲಾಶಯದಿಂದ. ಅಲ್ಲೊಂದು ಪಂಪ್‌ಹೌಸ್, ಪಂಪ್‌ಹೌಸಿನೊಳಗೆ ಒಂದು ಮುದಿ ಕಂಪ್ಯೂಟರು. ನೀರಿನ ಗೇಟನ್ನು ಎತ್ತಿ ಇಳಿಸುವ ಪ್ರೋಗ್ರಾಮು ಆ ಮುದಿಯಲ್ಲಿ ಬಿಟ್ಟು ಬೇರೆ ಎಲ್ಲೂ ಓಡುವುದಿಲ್ಲ. ಊರಿನ ಕಚೇರಿಯ ಕಂಟ್ರೋಲ್ ರೂಮಿನಲ್ಲಿ ಅಕ್ಕ ಕೂರುತ್ತಿದ್ದ ಕಂಪ್ಯೂಟರೋ ಬೇರೆ ಜಾತಿಯದು. ಇದಕ್ಕೆ ಅದರ ಭಾಷೆ ಬಾರದು, ಅದಕ್ಕೆ ಇದರದು. ಹಾಗಾಗಿ ತಂತಿ ಎರಡರಲ್ಲೂ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿದ. ಬರೆದವರು ಎಲ್ಲಿಯವರೋ ಏನೋ, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ ಎಂದು ಲೋಕಕ್ಕೆ ಬಿಟ್ಟುಕೊಟ್ಟಿದ್ದರು. ಅದರ ಉಪಾಯ ಬಹಳ ಸರಳ. ಒಂದು ಯಂತ್ರದ ಭಾಷೆಯನ್ನು ಇನ್ನೊಂದಕ್ಕೆ ಕಲಿಸುವ ಗೋಜಿಗೇ ಅದು ಹೋಗುವುದಿಲ್ಲ. ಅಲ್ಲಿನ ಪರದೆಯ ಚಿತ್ರವನ್ನೇ ತುಂಡು ತುಂಡಾಗಿ ತಂದು ಇಲ್ಲಿನ ಪರದೆಗೆ ಅಂಟಿಸುತ್ತದೆ, ಅದೂ ಎಷ್ಟು ಬದಲಾಯಿತೋ ಅಷ್ಟು ತುಂಡನ್ನು ಮಾತ್ರ. ಇಲ್ಲಿ ಮೌಸ್ ಆಡಿಸಿದರೆ ಅಲ್ಲಿನ ಪರದೆಯ ಮೇಲೆ ಬಾಣ ಓಡಾಡುತ್ತದೆ.

ಈ ಉಪಾಯದಲ್ಲಿ ಒಂದು ಅಪಾಯವೂ ಇತ್ತು. ಅಲ್ಲಿ ಏನೂ ಬದಲಾಗದಿದ್ದರೂ ಇಲ್ಲಿನ ಚಿತ್ರ ಸುಮ್ಮನಿರುತ್ತದೆ. ನಡುವಿನ ಸಂಪರ್ಕ ಸದ್ದಿಲ್ಲದೆ ಸತ್ತುಹೋದರೂ ಸುಮ್ಮನಿರುತ್ತದೆ. ನೋಡುವವರಿಗೆ ಎರಡೂ ಒಂದೇ. ಬರೆದವರು ಇದನ್ನೇನೂ ಮುಚ್ಚಿಟ್ಟಿರಲಿಲ್ಲ. ಜೊತೆಗೆ ಕೊಟ್ಟ ಟಿಪ್ಪಣಿಯಲ್ಲಿ, ನೀವು ನೋಡುತ್ತಿರುವುದು ಹಳೆಯ ಚಿತ್ರವಾಗಿರಬಹುದು, ಜೀವ ಹೋಗುವಂಥ ಕೆಲಸಕ್ಕೆ ಇದೊಂದನ್ನೇ ನಂಬಬೇಡಿ ಎಂದು ಬರೆದಿದ್ದರು. ತಂತಿ ಅದನ್ನು ಓದಿದ್ದ. ಓದಿದ್ದೇ ಅವನ ಪಾಪ, ಓದದವನಿಗೆ ಗೊತ್ತಿರಲಿಲ್ಲ ಎನ್ನಲಾದರೂ ಬರುತ್ತದೆ.

ಜೀವ ಹೋಗುವಂಥ ಕೆಲಸ ಅಲ್ಲಿತ್ತು. ಪಂಪಿಗೆ ನೀರು ಸೇರುವ ಮೊದಲು ಒಂದು ಆಳದ ಗುಂಡಿ, ಗುಂಡಿಯ ತಳದಲ್ಲಿ ಕಬ್ಬಿಣದ ಜಾಲರಿ. ಜಲಾಶಯದ ಕಳೆ, ಕಸ, ಸತ್ತ ಮೀನು ಎಲ್ಲ ಆ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ವಾರಕ್ಕೊಮ್ಮೆ ಗೇಟು ಮುಚ್ಚಿ, ಗುಂಡಿ ಖಾಲಿ ಮಾಡಿ, ಏಣಿ ಇಳಿದು ಅದನ್ನು ಕೆರೆಯಬೇಕು. ಪಂಪ್‌ಹೌಸಿನ ಆಪರೇಟರಾಗಿದ್ದ ಬಾವನ ಕೆಲಸ ಅದು. ಊರಿನ ಟ್ಯಾಂಕಿನಲ್ಲಿ ನೀರು ತಗ್ಗಿದರೆ ಪ್ರೋಗ್ರಾಮು ಯಾರನ್ನೂ ಕೇಳದೆ ಗೇಟು ಎತ್ತಿಬಿಡುತ್ತದೆ. ಹಾಗೆ ಎತ್ತದಂತೆ ಹಾಕುವ ಕೊಕ್ಕೆ ಮುರಿದು ವರ್ಷದ ಮೇಲಾಗಿತ್ತು. ಬಾವ ಮೂರು ಸಲ ಬರೆದುಕೊಟ್ಟಿದ್ದರು. ಮೂರೂ ಕಾಗದ ಯಾರದೋ ಮೇಜಿನ ಮೇಲೆ ನಿದ್ದೆ ಹೋಗಿದ್ದವು. ಹಾಗಾಗಿ ಗುಂಡಿಗೆ ಇಳಿದ ಬಾವನ ಜೀವ ಇದ್ದದ್ದು ಅಕ್ಕನ ಕಣ್ಣಲ್ಲಿ. ಪರದೆಯ ಮೇಲೆ ಗೇಟಿನ ಚಿತ್ರ ಕೆಂಪಗಿದ್ದರೆ ಮುಚ್ಚಿದೆ ಎಂದು ಅರ್ಥ, ಹಸಿರಾದರೆ ಏಳುತ್ತಿದೆ. ಹಸಿರಾದ ಕೂಡಲೇ ಅವಳು ಇಲ್ಲಿಂದಲೇ ಬಟನ್ ಒತ್ತಿ ಮುಚ್ಚಬೇಕು, ಬಾವನ ಜೇಬಿನ ಫೋನಿಗೆ ಕೂಗಿ ಹೇಳಬೇಕು.

ಇದಕ್ಕಾಗಿ ತಂತಿ ಒಂದು ರೂಢಿ ಮಾಡಿದ್ದ. ಬಾವ ಇಳಿಯುವ ಮೊದಲು ಅಕ್ಕ ಇಲ್ಲಿ ಮೌಸ್ ಹಿಡಿದು ಗೇಟಿನ ಚಿತ್ರದ ಸುತ್ತ ಬಾಣವನ್ನು ಮೂರು ಸುತ್ತು ಸುತ್ತಿಸಬೇಕು. ಏಳು ಕಿಲೋಮೀಟರು ಆಚೆ ಬಾವ ಆ ಬಾಣ ತಾನಾಗಿ ಸುತ್ತುವುದನ್ನು ನೋಡಿ, ಫೋನಿನಲ್ಲಿ "ಕಂಡಿತು" ಅನ್ನಬೇಕು. ಆಮೇಲೆ ಅವಳು "ಇಳೀರಿ, ಹುಷಾರು" ಅನ್ನಬೇಕು. 'ಹುಷಾರು' ತಂತಿ ಹೇಳಿಕೊಟ್ಟದ್ದಲ್ಲ, ಅದು ಅವಳೇ ಸೇರಿಸಿಕೊಂಡದ್ದು. ಕಚೇರಿಯವರು ಇದನ್ನು ಗಂಡಹೆಂಡಿರ ಮೂರು ಸುತ್ತು ಎಂದು ಆಡಿಕೊಳ್ಳುತ್ತಿದ್ದರು. "ಮನೇಲಿ ಸಾಲ್ದು ಅಂತ ಇಲ್ಲೂ ನನ್ನ ಕಿವಿ ಹಿಂಡ್ತಾಳಲ್ಲೋ ನಿಮ್ಮಕ್ಕ" ಎಂದು ಬಾವ ಗೊಣಗುತ್ತಿದ್ದರು. ಗೊಣಗುತ್ತಲೇ ಆರು ವರ್ಷ ಒಂದು ಸಲವೂ ತಪ್ಪಿಸದೆ ಕಾದು, ಕಂಡಿತು ಎಂದು ಹೇಳಿ ಇಳಿದರು.

ಹೊಸ ಸಾಹೇಬರು ಬಂದರು. ಕಂಪ್ಯೂಟರು ಎಂದರೆ ಅವರಿಗೆ ಕಚ್ಚುವ ನಾಯಿ ಕಂಡಷ್ಟು ಭಯ. ಊರಲ್ಲಿ ಕೂತ ಹೆಂಗಸು ಜಲಾಶಯದ ಗೇಟನ್ನು ಮುಟ್ಟಬಹುದು ಎಂದು ಕೇಳಿ ಹೌಹಾರಿಬಿಟ್ಟರು. "ನೋಡ್ಲಿ ಬೇಕಾದ್ರೆ, ಮುಟ್ಟೋದು ಬೇಡ. ಇವತ್ತೇ ಬಂದ್ ಮಾಡು." ತಂತಿ ವಿವರಿಸಲು ಬಾಯಿ ತೆರೆದ. ಸಾಹೇಬರು ಫೋನ್ ಎತ್ತಿಕೊಂಡರು. ಅವನಿಗೂ ರೇಗಿತು, ನನಗೇನು ಎಂದುಕೊಂಡು ಸಾಫ್ಟ್‌ವೇರಿನಲ್ಲಿ 'ನೋಡಲು ಮಾತ್ರ' ಎಂಬಲ್ಲಿ ಗುರುತು ಹಾಕಿ ಎದ್ದ. ಅಂದಿನಿಂದ ಅಕ್ಕ ಇಲ್ಲಿ ಎಷ್ಟು ಸುತ್ತಿಸಿದರೂ ಅಲ್ಲಿ ಬಾಣ ಅಲುಗಲಿಲ್ಲ. "ಸದ್ಯಕ್ಕೆ ಬಣ್ಣ ನೋಡಿ ಹೇಳು ಅಕ್ಕ, ನಾನು ಬೇರೆ ಏನಾದ್ರೂ ಮಾಡ್ತೀನಿ" ಎಂದ.

ಬೇರೆ ಏನು ಮಾಡಬೇಕೆಂದೂ ಅವನಿಗೆ ಗೊತ್ತಿತ್ತು. ಪಂಪ್‌ಹೌಸಿನ ಪರದೆಯ ಕೆಳಗಿನ ಪಟ್ಟಿಯಲ್ಲಿ ಒಂದು ಗಡಿಯಾರವಿದೆ. ಅದು ಅಕ್ಕನಿಗೆ ಕಾಣುತ್ತಿದ್ದರೆ ಚಿತ್ರ ನಿಂತಿದೆಯೋ ಓಡುತ್ತಿದೆಯೋ ತಿಳಿಯುತ್ತದೆ. ಆದರೆ ಅಕ್ಕನಿಗೆ ಕಣ್ಣು ಮಂಜು. "ಅಕ್ಷರ ಇರುವೆ ಥರ ಕಾಣುತ್ತೆ, ದೊಡ್ಡದು ಮಾಡ್ಕೊಡೋ" ಎಂದು ಹಿಂದೊಮ್ಮೆ ಕೇಳಿದ್ದಳು. ಅವನು ಪ್ರೀತಿಯಿಂದಲೇ ಚಿತ್ರವನ್ನು ಹಿಗ್ಗಿಸಿ ಕೊಟ್ಟಿದ್ದ. ಹಿಗ್ಗಿದ ಚಿತ್ರದಲ್ಲಿ ಆ ಕೆಳಪಟ್ಟಿ ಪರದೆಯಿಂದ ಆಚೆಗೆ ಹೋಗಿತ್ತು. ಮೂರು ಸುತ್ತು ಇದ್ದಷ್ಟು ದಿನ ಅದು ಬೇಕಿರಲಿಲ್ಲ. ಈಗ ಬೇಕಾಗಿತ್ತು. ಐದು ನಿಮಿಷದ ಕೆಲಸ. ನಾಳೆ ಮಾಡಿದರಾಯಿತು ಎಂದುಕೊಂಡ. ನಡುವೆ ಒಂದು ಸಲ ಜಾಲರಿ ಕೆರೆದದ್ದೂ ಆಯಿತು, ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಅವನ ನಾಳೆ ಇನ್ನಷ್ಟು ಮುಂದೆ ಹೋಯಿತು.

ಒಂಬತ್ತನೆಯ ದಿನ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಎರಡೂ ಕಂಪ್ಯೂಟರುಗಳ ನಡುವೆ ಸಂಪರ್ಕ ಹಾಯಿಸುತ್ತಿದ್ದ, ನಡುದಾರಿಯ ಗುಡ್ಡದ ಮೇಲಿನ ಡಿಶ್ ಕೈಕೊಟ್ಟಿತು. ಬಾವ ಆಗಲೇ ಗೇಟು ಮುಚ್ಚಿದ್ದರು. ಅಕ್ಕನ ಪರದೆಯ ಮೇಲೆ ಕೆಂಪು ಹಾಗೆಯೇ ಕೂತಿತು. ಬಾವ ಬೂಟು ಹಾಕಿಕೊಂಡು, ಜಾಲರಿ ಕೆರೆಯುವ ಕುಂಟೆ ಹುಡುಕಿಕೊಂಡು ಗುಂಡಿಯ ಹತ್ತಿರ ಹೋಗುವಷ್ಟರಲ್ಲಿ ಊರಿನ ಟ್ಯಾಂಕು ತಗ್ಗಿತ್ತು, ಪ್ರೋಗ್ರಾಮು ಗೇಟಿಗೆ ಏಳು ಎಂದಿತ್ತು. ಅದು ಭಾರದ ಗೇಟು, ಮೊದಲ ಎರಡು ಮೂರು ನಿಮಿಷ ಸದ್ದೂ ಮಾಡುವುದಿಲ್ಲ, ನೀರನ್ನೂ ಬಿಡುವುದಿಲ್ಲ. ಹತ್ತು ಇಪ್ಪತ್ತಮೂರಕ್ಕೆ ಬಾವ ಕೇಳಿದರು, "ಮುಚ್ಚಿದೆಯಾ?" ಅಕ್ಕ ನೋಡಿದಳು. ಕೆಂಪಗಿತ್ತು. "ಮುಚ್ಚಿದೆ. ಇಳೀರಿ, ಹುಷಾರು" ಎಂದಳು.

ಹತ್ತೂ ಮುಕ್ಕಾಲಾದರೂ ಬಾವ ಫೋನ್ ಎತ್ತದ್ದಕ್ಕೆ ಗಾಬರಿಯಾಗಿ ಅವಳು ಯಾರದೋ ಸ್ಕೂಟರಿನ ಹಿಂದೆ ಕೂತು ಪಂಪ್‌ಹೌಸಿಗೆ ಓಡಿದಳು. ತಂತಿಗೆ ಸುದ್ದಿ ಸಿಕ್ಕಿ ಅವನು ಕಂಟ್ರೋಲ್ ರೂಮಿಗೆ ನುಗ್ಗಿದಾಗ ಹನ್ನೊಂದೂ ಮುಕ್ಕಾಲು. ರೂಮು ಖಾಲಿ. ಅಲ್ಲಿ ಗೇಟು ಪೂರ್ತಿ ಎದ್ದು ಗುಂಡಿಗೆ ನೀರು ತುಂಬಿತ್ತು, ಬಾವನ ಹೆಣ ಹುಡುಕುತ್ತಿದ್ದರು. ಇಲ್ಲಿ ಪರದೆಯ ಮೇಲೆ ಗೇಟು ಇನ್ನೂ ಕೆಂಪಗೆ, ಮುಚ್ಚಿಕೊಂಡು, ಏನೂ ಅರಿಯದ ಹಾಗೆ ನಿಂತಿತ್ತು. ಅವನು ಚಿತ್ರವನ್ನು ಮೇಲಕ್ಕೆ ಸರಿಸಿದ. ಕೆಳಪಟ್ಟಿಯ ಗಡಿಯಾರ ಹತ್ತು ಹನ್ನೆರಡು ತೋರಿಸುತ್ತಿತ್ತು. ಅವನ ಕೈ ತಾನಾಗಿ ಹೋಗಿ ಪರದೆಯ ಮೇಲಿನ ಆ ಕಿಟಕಿಯನ್ನು ಮುಚ್ಚಿಬಿಟ್ಟಿತು. ಯೋಚನೆ ಮಾಡಿ ಮುಚ್ಚಿದ್ದಲ್ಲ ಎಂದು ಅವನು ಆಮೇಲೆ ನೂರು ಸಲ ತನಗೇ ಹೇಳಿಕೊಂಡಿದ್ದಾನೆ. ಮುಚ್ಚಿದ ಮೇಲೆ ಯೋಚಿಸಲು ಎಪ್ಪತ್ತೊಂದು ದಿನ ಸಿಕ್ಕಿತ್ತು.

ಸಾಫ್ಟ್‌ವೇರು ತನ್ನ ದಿನಚರಿಯಲ್ಲಿ ತನಗೆ ಗೊತ್ತಿದ್ದಷ್ಟನ್ನು ಬರೆದುಕೊಂಡಿತ್ತು: ಒಂಬತ್ತೂ ನಲವತ್ತಕ್ಕೆ ಸಂಪರ್ಕ ಆರಂಭ, ಹನ್ನೊಂದು ನಲವತ್ತೇಳಕ್ಕೆ ಮುಕ್ತಾಯ. ಆ ಮುಕ್ತಾಯ ತಂತಿಯ ಕೈಕೆಲಸ. ವಿಚಾರಣೆಗೆ ಬಂದವರು ಆ ಹಾಳೆಯನ್ನು ಮುಂದಿಟ್ಟು, "ಈ ಹೊತ್ತಲ್ಲೆಲ್ಲ ಸಂಪರ್ಕ ಇತ್ತು, ಹೌದೋ ಅಲ್ವೋ?" ಎಂದು ಕೇಳಿದರು.

"ಹಾಗಂತ ಬರೆದಿದೆ" ಎಂದ ತಂತಿ.

"ಹೌದೋ ಅಲ್ವೋ?"

"ಹೌದು."

ಮುಂದೆ ಅವನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ ಎನ್ನುವುದು ಹೇಡಿಗಳಿಗೆ ದೊಡ್ಡ ಆಸರೆ. ಸಂಪರ್ಕ ಇತ್ತು, ಆದ್ದರಿಂದ ಪರದೆ ಹಸಿರಾಗಿತ್ತು. ಅವಳು ಮುಚ್ಚಿದೆ ಎಂದಳು, ಆದ್ದರಿಂದ ಅವಳು ನೋಡಲಿಲ್ಲ. ಲೆಕ್ಕ ಸರಿಹೋಯಿತು. ಅಕ್ಕನನ್ನು ಮನೆಗೆ ಕಳಿಸಿದರು.

ಮೊದಲ ವಾರ ಅವಳು ಎಲ್ಲರ ಜೊತೆ ಜಗಳವಾಡಿದಳು. "ನನ್ನ ಕಣ್ಣಾಣೆ, ಕೆಂಪಗಿತ್ತು" ಎಂದು ಕಂಡಕಂಡವರಿಗೆ ಹೇಳಿದಳು. ಮೂರನೆಯ ವಾರಕ್ಕೆ ದನಿ ಇಳಿಯಿತು. ಆಮೇಲೆ ಒಲೆ ಆರಿಸಿ, ಹೊಸ್ತಿಲವರೆಗೆ ಹೋಗಿ, ತಿರುಗಿ ಬಂದು ನೋಡತೊಡಗಿದಳು. ಮತ್ತೆ ನೋಡುವಳು. "ಆರಿದೆಯಾ ನೋಡೋ, ನನ್ನ ಕಣ್ಣು ನಂಬೋ ಹಾಗಿಲ್ಲ" ಎಂದು ತಂತಿಯನ್ನೇ ಕೂಗುವಳು. ಹತ್ತೊಂಬತ್ತರ ಮಗಳು, ಎಲ್ಲರ ಬಾಯಲ್ಲೂ ಪುಟ್ಟಿ, ಅಮ್ಮನ ಜೊತೆ ಮಾತು ನಿಲ್ಲಿಸಿದ್ದಳು. ಒಂದು ದಿನ ಮೆಟ್ಟಿಲ ಮೇಲೆ ಅವನನ್ನು ತಡೆದು, "ಮಾವ, ನಿಂಗೆ ಕಂಪ್ಯೂಟರ್ ವಿಷಯ ಎಲ್ಲಾ ಗೊತ್ತು. ಅಮ್ಮ ನೋಡೇ ಇರ್ಲಿಲ್ಲ, ಅಲ್ವಾ?" ಎಂದಳು. ತಂತಿ ಅವಳ ತಲೆ ಸವರಿ, ಬಸ್ಸಿಗೆ ಹೊತ್ತಾಯಿತು ಎಂದು ಇಳಿದುಹೋದ. ಆ ದಿನ ಅವನಿಗೆ ತನ್ನ ಮೇಲೆ ಹುಟ್ಟಿದ ಹೇಸಿಗೆ ಇಂದಿಗೂ ಹೋಗಿಲ್ಲ.

ಭಾನುವಾರ ಅವನು ಹೋದಾಗ ಅಕ್ಕ ಊಟದ ಮೇಜು ಒರೆಸಿ ಕಾಯುತ್ತಿದ್ದಳು. ಪುಟ್ಟಿ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಲ್ಯಾಪ್‌ಟಾಪ್ ತೆರೆಯುತ್ತಿದ್ದ ಹಾಗೆ ಅಕ್ಕ, ಹೇಳಿಕೊಂಡು ಹೇಳಿಕೊಂಡು ಬಾಯಿಪಾಠವಾದವಳ ಹಾಗೆ ಶುರುಮಾಡಿದಳು.

"ಬರ್ಕೋ. ಆ ದಿನ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ ನಾನು ಪರದೆಯನ್ನು ನೋಡದೆಯೇ ಗೇಟು ಮುಚ್ಚಿದೆ ಎಂದು ಹೇಳಿದೆ. ನನ್ನ ಅಜಾಗರೂಕತೆಯಿಂದ ನನ್ನ ಗಂಡನ ಸಾವು ಸಂಭವಿಸಿತು. ಆಯ್ತಾ?"

ತಂತಿಯ ಬೆರಳು ನಿಂತಿತು. "ನೋಡಿದ್ದೆ ಅಂತಿದ್ದೆ ನೀನು."

"ಅಂತಿದ್ದೆ. ಈಗ ಕಣ್ಣು ಮುಚ್ಚಿದ್ರೆ ಒಂದ್ಸಲ ಕೆಂಪು ಕಾಣುತ್ತೆ, ಒಂದ್ಸಲ ಹಸಿರು ಕಾಣುತ್ತೆ. ಅಷ್ಟೊಂದು ಓದಿದವರು ನೋಡಿಲ್ಲ ಅಂತಿದ್ದಾರೆ, ಮಗಳೂ ಹಾಗೇ ಅಂತಾಳೆ. ಎಲ್ರೂ ಸುಳ್ಳು, ನಾನೊಬ್ಬಳೇ ನಿಜ ಹೇಗಾಗುತ್ತೆ? ನೋಡಿರ್ಲಿಕ್ಕಿಲ್ಲ ಕಣೋ. ಏನೋ ಯೋಚನೆ ಮಾಡ್ತಾ ಅಂದ್ಬಿಟ್ಟಿರ್ತೀನಿ." ಅವಳು ಸೆರಗಿನಿಂದ ಮೇಜಿನ ಮೇಲಿಲ್ಲದ ಧೂಳನ್ನು ಒರೆಸಿದಳು. "ನಾಳೆ ಬೆಳಗ್ಗೆ ಆಫೀಸಿಗೆ ಕೊಟ್ಟುಬಿಡ್ತೀನಿ. ಒಪ್ಕೊಂಡ್ರೆ ಪುಟ್ಟಿ ಆದ್ರೂ ಮಾತಾಡ್ಬಹುದು. ಬೈಲಿ ಪರವಾಗಿಲ್ಲ, ಮಾತಾಡ್ಲಿ."

ಅವನು ಟೈಪ್ ಮಾಡಿದ. ಇದನ್ನು ಮುಚ್ಚಿಡುವ ಹಾಗಿಲ್ಲ, ಅವನು ಟೈಪ್ ಮಾಡಿದ. ಒಂದೊಂದೇ ಅಕ್ಷರ ಪರದೆಯ ಮೇಲೆ ಬಂದು ಕೂತಿತು. ತನ್ನ ಬೆರಳುಗಳು ಅಕ್ಕನ ಕತ್ತು ಹಿಸುಕುತ್ತಿರುವುದು ಅವನಿಗೆ ಕಾಣುತ್ತಲೇ ಇತ್ತು. ಹೀಗೆ ಸುಮ್ಮನಿದ್ದುಬಿಟ್ಟರೆ ನಾಳೆಗೆ ಎಲ್ಲ ಮುಗಿದುಹೋಗುತ್ತದೆ ಎಂಬ ನೀಚ ನೆಮ್ಮದಿಯೂ ಒಂದು ಕ್ಷಣ ಬಂದು ಹೋಯಿತು.

ಅಕ್ಕ ಕನ್ನಡಕ ಏರಿಸಿ ಓದಲು ಬಗ್ಗಿದಳು. "ಕಾಣ್ತಿಲ್ಲ. ಅಕ್ಷರ ಸ್ವಲ್ಪ ದೊಡ್ಡದು ಮಾಡ್ಕೊಡೋ."

ತಂತಿ ಎರಡೂ ಕೈಯನ್ನು ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ನೀನು ನೋಡಿದ್ದೆ ಅಕ್ಕ. ಕೆಂಪಗೇ ಇತ್ತು. ಚಿತ್ರ ನಿಂತುಹೋಗಿತ್ತು."

"ಬೇಡ ಬಿಡೋ."

"ನಿಜ ಹೇಳ್ತಿದ್ದೀನಿ. ಹತ್ತು ಹನ್ನೆರಡಕ್ಕೇ ನಿಂತಿತ್ತು. ನೀನು ನೋಡಿದ್ದು ಹನ್ನೊಂದು ನಿಮಿಷ ಹಳೆಯ ಚಿತ್ರ."

ಅಕ್ಕ ಅವನ ಕೆನ್ನೆ ಮುಟ್ಟಿದಳು. ಅವಳ ಕಣ್ಣಲ್ಲಿ ಕರುಣೆ ಇತ್ತು. ಅದನ್ನು ನೋಡಿ ಅವನಿಗೆ ಸತ್ತುಹೋಗಬೇಕು ಅನ್ನಿಸಿತು. "ನನ್ನ ಸಮಾಧಾನಕ್ಕೆ ಏನೇನೋ ಹುಟ್ಟಿಸಿ ಹೇಳ್ಬೇಡ. ಚಿಕ್ಕಂದಿನಲ್ಲೂ ನೀನು ಹೀಗೇ. ನಾನು ಅತ್ರೆ ಸಾಕು, ಬಾಯಿಗೆ ಬಂದ ಸುಳ್ಳು."

ಎಪ್ಪತ್ತೊಂದು ದಿನದ ಮೇಲೆ ಹೇಳಿದ ಒಂದು ನಿಜಕ್ಕೆ ಸಿಕ್ಕ ಬೆಲೆ ಅದು. ತಂತಿ ಎದ್ದ. ಚೀಲದಿಂದ ವೈರಿನ ಸುರುಳಿ ತೆಗೆದು ಪುಟ್ಟಿಯ ಬಾಗಿಲು ಬಡಿದ. "ನಿನ್ನ ಕಂಪ್ಯೂಟರ್ ಹಾಕು. ಕೇಳಿದ್ದಷ್ಟು ಮಾಡು, ಪ್ರಶ್ನೆ ಆಮೇಲೆ." ಅವಳ ಕಂಪ್ಯೂಟರಿನಿಂದ ತನ್ನ ಲ್ಯಾಪ್‌ಟಾಪಿಗೆ ವೈರು ಎಳೆದ. ಅವಳದೂ ಇವನದೂ ಬೇರೆ ಬೇರೆ ಜಾತಿಯ ಯಂತ್ರಗಳು, ಕಚೇರಿಯಲ್ಲಿದ್ದ ಹಾಗೆಯೇ. ಅದೇ ಸಾಫ್ಟ್‌ವೇರನ್ನು ಎರಡೂ ಕಡೆ ಹಾಕಲು ಅವನಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಪುಟ್ಟಿಯ ಪರದೆ ಊಟದ ಮೇಜಿನ ಮೇಲೆ ಹಾಗೆಯೇ ಮೂಡಿತು.

"ಚಿತ್ರ ಬರೆಯೋ ಪ್ರೋಗ್ರಾಮ್ ತೆಗಿ. ಒಂದು ದೊಡ್ಡ ಚೌಕ ಬರಿ, ಕೆಂಪು ತುಂಬು" ಎಂದು ಕೂಗಿ ಹೇಳಿದ. ಅಕ್ಕನ ಕಣ್ಣ ಮುಂದೆ ಚೌಕವೊಂದು ಮೂಡಿ ಕೆಂಪಾಯಿತು. "ಹಸಿರು ಮಾಡು." ಹಸಿರಾಯಿತು. "ತಿರುಗಿ ಕೆಂಪು." ಕೆಂಪಾಯಿತು. ತಂತಿ ಮೇಜಿನ ಕೆಳಗೆ ಕೈ ಹಾಕಿ ವೈರನ್ನು ಎಳೆದುಬಿಟ್ಟ.

"ಪುಟ್ಟಿ, ಈಗ ಹಸಿರು ಮಾಡು."

"ಮಾಡ್ದೆ" ಎಂದು ಒಳಗಿನಿಂದ ದನಿ ಬಂತು.

"ಯಾವ ಬಣ್ಣ ಇದೆ ಅಕ್ಕ?"

ಅಕ್ಕ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡಳು. ತಪ್ಪು ಹೇಳಿಬಿಟ್ಟೇನೆಂಬ ಹೆದರಿಕೆಯಿಂದ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಕೆಂಪು" ಎಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ.

"ಅಮ್ಮಾ, ಹಸಿರು ಮಾಡಿದ್ದೀನಿ!" ಪುಟ್ಟಿಯ ದನಿಯಲ್ಲಿ ಸಿಡುಕಿತ್ತು. "ಅಷ್ಟೂ ಕಾಣ್ಸಲ್ವಾ?" ಎನ್ನುತ್ತ ಎದ್ದು ಬಂದವಳು ಅಮ್ಮನ ಬೆನ್ನ ಹಿಂದೆ ನಿಂತು ಲ್ಯಾಪ್‌ಟಾಪಿನ ಕಡೆ ನೋಡಿದಳು. ಅಲ್ಲಿ ಚೌಕ ಕೆಂಪಗಿತ್ತು. ತಿರುಗಿ ತನ್ನ ಕೋಣೆಯ ಪರದೆಯನ್ನು ನೋಡಿದಳು. ಅಲ್ಲಿ ಹಸಿರು. ಅವಳು ಎರಡು ಸಲ ಹೀಗೆ ಅತ್ತ ಇತ್ತ ನೋಡಿ, ಗೋಡೆಗೆ ಒರಗಿ, ಹಾಗೆಯೇ ಕುಸಿದು ಕೂತಳು.

"ಇದರಲ್ಲಿ ಈಗಲೂ ಸಂಪರ್ಕ ಇದೆ ಅಂತಲೇ ತೋರಿಸ್ತಿದೆ" ಎಂದ ತಂತಿ. ಆಮೇಲೆ ನಿಲ್ಲಿಸಲಿಲ್ಲ. 'ನೋಡಲು ಮಾತ್ರ' ಎಂದು ಗುರುತು ಹಾಕಿದ್ದು, ಹಿಗ್ಗಿಸಿದ ಚಿತ್ರ, ನಾಳೆ ನಾಳೆ ಎಂದ ಒಂಬತ್ತು ದಿನ, ತಾನೇ ಮುಚ್ಚಿದ ಕಿಟಕಿ, ಹೌದು ಎಂದ ಮಾತು, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದ. ಕೊನೆಗೆ ವೈರನ್ನು ತಿರುಗಿ ಚುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ಚೌಕ ಹಸಿರಾಯಿತು.

ಅಕ್ಕ ಆ ಹಸಿರನ್ನು ತುಂಬ ಹೊತ್ತು ನೋಡಿದಳು.

"ನಾನು ನೋಡಿದ್ದೆ" ಎಂದಳು.

"ನೋಡಿದ್ದೆ ಅಕ್ಕ."

"ನಿಂಗೆ ಯಾವತ್ತಿಂದ ಗೊತ್ತು?"

"ಅವತ್ತಿಂದಲೇ."

ಅವಳು ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದ. ಚಿಕ್ಕವನಿದ್ದಾಗ ಹೊಡೆದ ಹಾಗೆ ಬೆನ್ನಿಗೆ ಗುದ್ದಿದರೆ ಸಾಕು, ಬದುಕಿಕೊಳ್ಳುತ್ತೇನೆ ಎಂದು ಅವನ ಜೀವ ಕಾಯುತ್ತಿತ್ತು. ಅಕ್ಕ ಹೊಡೆಯಲಿಲ್ಲ. "ಹಾಳಾಗ್ಲಿ, ಮರೆತೆ, ತಪ್ಪಾಯ್ತು. ಆ ಒಂಬತ್ತು ದಿನಕ್ಕೆ ನಾನೇನೂ ಅನ್ನಲ್ಲ. ನಿಮ್ಮ ಬಾವ ಇದ್ದಿದ್ರೆ ಅವರೂ ಅಂತಿರ್ಲಿಲ್ಲ" ಎಂದಳು. "ಆದ್ರೆ ಎಪ್ಪತ್ತೊಂದು ದಿನ ನಾನು ಒಲೆ ಹತ್ರ ಹೋಗಿ ಬಂದು, ಹೋಗಿ ಬಂದು ಮಾಡ್ತಿದ್ದೆ. ನೀನು ಇದೇ ಕುರ್ಚಿ ಮೇಲೆ ಕೂತು ನಾನು ಬಡಿಸಿದ್ದು ಉಣ್ತಾ ನೋಡ್ತಿದ್ದೆ. ಹೌದೋ ಅಲ್ವೋ?"

"ಹೌದು" ಎಂದ ತಂತಿ.

ಪುಟ್ಟಿ ನೆಲದ ಮೇಲೆ ತೆವಳಿಕೊಂಡು ಬಂದು ಅಮ್ಮನ ಮೊಣಕಾಲಿಗೆ ಮುಖ ಒತ್ತಿದ್ದಳು. ಅಕ್ಕನ ಕೈ ಅವಳ ತಲೆಯ ಮೇಲೆ ಹೋಯಿತು. ಇನ್ನೊಂದು ಕೈಯಿಂದ ಅವಳು ಲ್ಯಾಪ್‌ಟಾಪನ್ನು ಅವನ ಕಡೆಗೆ ತಳ್ಳಿದಳು.

"ನಾನು ಹೇಳಿದ್ದನ್ನ ಅಳಿಸು. ನಿಂದು ಬರ್ಕೊಂಡು ಹೋಗು."

ಸೋಮವಾರ ಅವನು ತನ್ನ ಹೇಳಿಕೆ ಕೊಟ್ಟ. ಸಾಹೇಬರು ಮೊದಲು ಹಾರಾಡಿದರು, ಪುಕ್ಕಟೆ ಮಾಲು ತಂದು ಹಾಕಿದರೆ ಹೀಗೇ ಎಂದರು. ಸಾಫ್ಟ್‌ವೇರಿನದೇನೂ ತಪ್ಪಿಲ್ಲ, ಅದು ಮೊದಲೇ ಹೇಳಿತ್ತು, ಹೇಳದವನು ನಾನು ಎಂದು ತಂತಿ ಬರೆದುಕೊಟ್ಟ. 'ನೋಡಲು ಮಾತ್ರ' ಮಾಡಿಸಿದವರು ಯಾರು ಎಂಬುದನ್ನೂ ಬರೆದ. ಮೂರು ತಿಂಗಳ ಮೇಲೆ ಅಕ್ಕನದು ತಪ್ಪಿಲ್ಲ ಎಂದು ಒಂದೂವರೆ ಸಾಲಿನ ಆದೇಶ ಬಂತು. ಸಾಹೇಬರಿಗೆ ಇನ್ನೂ ಒಳ್ಳೆಯ ಊರಿಗೆ ವರ್ಗವಾಯಿತು. ತಂತಿಯನ್ನು ಕಂಪ್ಯೂಟರುಗಳಿಂದ ಬಿಡಿಸಿ, ಬಾವ ಹೋದ ಮೇಲೆ ಯಾರೂ ಹೋಗಲೊಪ್ಪದ ಜಾಗಕ್ಕೆ, ಪಂಪ್‌ಹೌಸಿಗೆ ಹಾಕಿದರು. ಅಕ್ಕ ಕಂಟ್ರೋಲ್ ರೂಮಿನ ತನ್ನ ಹಳೆಯ ಕುರ್ಚಿಯನ್ನೇ ಕೇಳಿ ಪಡೆದಳು. ಅಲ್ಲಿ ಈಗ ಗಡಿಯಾರ ಪರದೆಯ ಮೇಲ್ಗಡೆಯೇ ಇದೆ, ಕುರುಡರಿಗೂ ಕಾಣುವಷ್ಟು ದೊಡ್ಡದಾಗಿ. ಮೂರು ಸುತ್ತೂ ಮತ್ತೆ ಬಂದಿದೆ. ಕೊಕ್ಕೆ ಮಾತ್ರ ಇನ್ನೂ ಬಂದಿಲ್ಲ, ಫೈಲು ನಡೆಯುತ್ತಿದೆಯಂತೆ.

ಆ ಭಾನುವಾರದ ನಂತರ ಅಕ್ಕ ಅವನ ಜೊತೆ ಮಾತಾಡಿಲ್ಲ. ಅವನು ಮನೆಗೆ ಹೋದರೆ ಪುಟ್ಟಿ ಬಾಗಿಲು ತೆರೆದು, "ಅಮ್ಮ ಮಲಗಿದ್ದಾಳೆ ಮಾವ" ಅನ್ನುತ್ತಾಳೆ. ಹಗಲು ಹನ್ನೊಂದಕ್ಕೆ ಹೋದರೂ ಅದೇ, ಸಂಜೆ ಐದಕ್ಕೆ ಹೋದರೂ ಅದೇ.

ವಾರಕ್ಕೊಮ್ಮೆ ಮಾತ್ರ ಅವಳ ದನಿ ಕೇಳಿಸುತ್ತದೆ. ಬೆಳಗ್ಗೆ ಹತ್ತಕ್ಕೆ ತಂತಿ ಗೇಟು ಮುಚ್ಚಿ, ಬಾವನ ಬೂಟು ಹಾಕಿಕೊಂಡು, ಮುದಿ ಕಂಪ್ಯೂಟರಿನ ಮುಂದೆ ನಿಲ್ಲುತ್ತಾನೆ. ಬಾಣ ತಾನಾಗಿ ಅಲುಗುತ್ತದೆ. ಗೇಟಿನ ಚಿತ್ರದ ಸುತ್ತ ನಿಧಾನವಾಗಿ ಒಂದು, ಎರಡು, ಮೂರು. ಆ ಸುತ್ತಿನಲ್ಲಿ ಅವಳ ಕೈಯ ನಡುಕ ಕೂಡ ಅವನಿಗೆ ಕಾಣುತ್ತದೆ. ಅವನು ಫೋನ್ ಎತ್ತುತ್ತಾನೆ.

"ಕಂಡಿತು."

"ಗೇಟು ಮುಚ್ಚಿದೆ. ಇಳೀಬಹುದು."

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಳ್ಳುತ್ತಾನೆ. ಅತ್ತ ಕಡೆ ಅವಳು ಉಸಿರಾಡುವುದು ಕೇಳಿಸುತ್ತದೆ. ತಾನು ಗುಂಡಿಯಿಂದ ಮೇಲೆ ಬರುವವರೆಗೂ ಅವಳು ರೆಪ್ಪೆ ಬಡಿಯದೆ ಪರದೆಯನ್ನು ನೋಡುತ್ತಾಳೆ, ಆ ಬಗ್ಗೆ ಅವನಿಗೆ ಒಂದಿಷ್ಟೂ ಅನುಮಾನವಿಲ್ಲ. ಇಷ್ಟಾದ ಮೇಲೂ ತನ್ನ ಜೀವವನ್ನು ಅವನು ಬೇರೆ ಯಾರ ಕಣ್ಣಿಗೂ ಒಪ್ಪಿಸಲಾರ. ಆದರೂ ಅವನು ಕಾಯುತ್ತಾನೆ. ಬಾವನಿಗೆ ಆರು ವರ್ಷ ಪ್ರತಿ ವಾರ ಹೇಳಿದ ಆ ಒಂದು ಮಾತು, ಯಾರೂ ಹೇಳಿಕೊಡದೆ ಅವಳೇ ಸೇರಿಸಿಕೊಂಡಿದ್ದ ಮಾತು, ಇವತ್ತಾದರೂ ಬರಬಹುದೆಂದು ಕಾಯುತ್ತಾನೆ.

ಅವಳು ಫೋನ್ ಇಡುತ್ತಾಳೆ. ಅವನು ಏಣಿ ಇಳಿಯುತ್ತಾನೆ.